ಬೆನ್ನಿನ ಮೇಲಿನ ಮೆಟ್ಟಿಲು

ಬೆಳಿಗ್ಗೆ ಹತ್ತಕ್ಕೆಲ್ಲ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಬಿಸಿ ಅಂಟಿನ ವಾಸನೆ ಮೂಗಿಗೆ ಅಡರುತ್ತಿತ್ತು. ಉದ್ದನೆಯ ಮೇಜಿನ ಬಳಿ ಮೂಕಮ್ಮ ನಿಂತಿದ್ದಳು. ಅವಳೇನೂ ಮೂಕಿಯಲ್ಲ, ಮಾತು ಕಡಿಮೆ, ದನಿ ಇನ್ನೂ ಕಡಿಮೆ, ಅಷ್ಟೆ. ಆ ಹೆಸರಿಟ್ಟವನು ಗುಡುಗಪ್ಪ, ಹದಿನೈದು ವರ್ಷ ಈ ವಿಭಾಗವನ್ನು ಬರೀ ಗಂಟಲಿನಿಂದ ಆಳಿದ ಮೇಸ್ತ್ರಿ. ಹೋದ ವಾರ ಯಜಮಾನಿ ಅವನನ್ನು ಇಳಿಸಿ ಇವಳನ್ನು ಆ ಜಾಗಕ್ಕೆ ತಂದಿದ್ದರು. "ಇನ್ನೊಂದು ತಪ್ಪಾದ್ರೆ ಅವನು ಮನೆಗೆ" ಎಂದೂ ಹೇಳಿದ್ದರು.

"ಗಟ್ಟಿ ದನಿ ಇಲ್ದೆ ಇಪ್ಪತ್ತು ಜನರನ್ನ ಹೇಗಮ್ಮ ದುಡಿಸ್ತೀಯ?" ಎಂದು ಗುಡುಗಪ್ಪ ಬೆಳಿಗ್ಗೆಯೇ ಕೇಳಿದ್ದ. "ನಾನು ಕೂಗಾಡಿದ್ದು ಸಂತೋಷಕ್ಕಲ್ಲ. ಆ ಯಂತ್ರದ ಸದ್ದಲ್ಲಿ ನೀನು ಪಿಸುಗುಟ್ಟಿದ್ರೆ ಯಾರಿಗೆ ಕೇಳುತ್ತೆ?"

ಅವಳು ಮುಂದಿನ ಪುಸ್ತಕ ಕೈಗೆತ್ತಿಕೊಂಡಿದ್ದಳು. ಅವನಿಗೆ ಕೊಡಬೇಕಾದ ಉತ್ತರವನ್ನು ಆರು ವರ್ಷದಿಂದ ಹೊಟ್ಟೆಯೊಳಗೆ ಕೆಂಡದಂತೆ ಕಾಪಾಡಿಕೊಂಡು ಬಂದಿದ್ದಳು.

ಆರು ವರ್ಷದ ಹಿಂದೆ ಪುಸ್ತಕದ ಹಾಳೆಗಳು ಹಿಂದುಮುಂದಾಗಿದ್ದನ್ನು ಕಂಡು ಅವನ ಬಳಿ ಹೋಗಿ ಹೇಳಿದ್ದಳು. "ಮೂಕಮ್ಮಂಗೆ ಮಾತು ಬಂತು ನೋಡ್ರಪ್ಪೋ!" ಎಂದು ಅವನು ಕೂಗಿದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಜೆ ಮುನ್ನೂರು ಪುಸ್ತಕ ರದ್ದಿಗೆ ಹೋದಾಗ, "ಇವಳು ನೋಡಿಯೂ ಹೇಳಲಿಲ್ಲ" ಎಂದು ಯಜಮಾನಿಯ ಮುಂದೆ ಅವಳತ್ತಲೇ ಬೆರಳು ತೋರಿಸಿದ. ಒಂದು ತಿಂಗಳು ಅವಳನ್ನು ಕೆಲಸದಿಂದ ಹೊರಗಿಟ್ಟಿದ್ದರು. ತಂಗಿಯ ಮನೆಯಲ್ಲಿ ತಲೆ ತಗ್ಗಿಸಿ ಉಂಡ ಆ ಒಂದು ತಿಂಗಳನ್ನು ಅವಳು ಮರೆತಿರಲಿಲ್ಲ. ಮರೆಯುವ ಇರಾದೆಯೂ ಇರಲಿಲ್ಲ.

ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟದ ಒಂದು ಮಡಿಕೆ; ಒಂದೊಂದು ಮಡಿಕೆಯ ಬೆನ್ನಿಗೂ, ಹಿಂದಿನದಕ್ಕಿಂತ ತುಸು ಕೆಳಗೆ, ಒಂದು ಸಣ್ಣ ಕಪ್ಪು ಗೆರೆ ಇರುತ್ತದೆ. ಮಡಿಕೆಗಳನ್ನು ಸರಿಯಾಗಿ ಜೋಡಿಸಿದರೆ ಆ ಗೆರೆಗಳು ಪುಸ್ತಕದ ಬೆನ್ನಿನ ಮೇಲೆ ಮೆಟ್ಟಿಲಿನಂತೆ ಇಳಿಯುತ್ತವೆ. ಈಗ ಅವಳ ಕಣ್ಣೆದುರಿನ ಪುಸ್ತಕದಲ್ಲಿ ಮೆಟ್ಟಿಲು ಮುರಿದಿತ್ತು. ಆರನೆಯದರ ಜಾಗದಲ್ಲಿ ಏಳನೆಯ ಮಡಿಕೆ. ಪಕ್ಕದ ಪುಸ್ತಕದಲ್ಲೂ ಹಾಗೆಯೇ. ಮಡಿಕೆಗಳ ರಾಶಿಯನ್ನು ಮೇಜಿನ ಮೇಲೆ ಸಾಲಾಗಿ ಇಟ್ಟವನು ಗುಡುಗಪ್ಪ.

ಶಾಲೆಗಳಿಗೆ ಹೋಗಬೇಕಾದ ನಾಲ್ಕು ಸಾವಿರ ಪುಸ್ತಕ. ಅವಳು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಅಂದು ಹೇಳಿದರೂ ಹೇಳಲಿಲ್ಲ ಎನ್ನಿಸಿಕೊಂಡಿದ್ದಳಲ್ಲ, ಇಂದು ನಿಜಕ್ಕೂ ಹೇಳದಿದ್ದರಾಯಿತು. ಸಂಜೆಯ ಹೊತ್ತಿಗೆ ಗುಡುಗಪ್ಪ ಚೀಲ ಹೆಗಲಿಗೇರಿಸಿ ಗೇಟು ದಾಟುತ್ತಾನೆ. ಅದನ್ನು ನೆನೆದೇ ಅವಳ ಹೊಟ್ಟೆ ತಣ್ಣಗಾಯಿತು. ಆ ಸುಖವನ್ನು ಸವಿಯುತ್ತ ಪುಸ್ತಕಗಳನ್ನು ಮುಂದಕ್ಕೆ ತಳ್ಳಿದಳು.

ತಲೆ ಎತ್ತಿದರೆ ಎದುರಿಗೆ ಅತ್ತೆ. ಮಡಿಕೆ ಜೋಡಿಸುವ ಹಳೆಯ ಕೆಲಸಗಾರ್ತಿ. ಇಡೀ ವಿಭಾಗಕ್ಕೇ ಅತ್ತೆ. ಅವಳ ಬೆರಳು ಮುರಿದ ಮೆಟ್ಟಿಲಿನ ಮೇಲೆಯೇ ನಿಂತಿತ್ತು.

"ಅತ್ತೆ, ನಿಮಗೂ ಕಾಣಿಸ್ತಾ?"

"ಆಗಲೇ ಕಾಣಿಸ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನೂ ನೋಡಿದೆ, ಸುಮ್ನಿದ್ದೆ. ದೊಡ್ಡೋರೇ ಸುಮ್ನಿರೋವಾಗ ನನಗ್ಯಾಕೆ ಊರ ಉಸಾಬರಿ?" ಅತ್ತೆ ದನಿ ತಗ್ಗಿಸಿದಳು. "ಅವನ ಕಾಲದಲ್ಲಿ ಬೈಗುಳಕ್ಕೆ ಹೆದರಿ ಬಾಯಿ ಮುಚ್ಕೊಂಡಿದ್ವಿ. ಈಗ ನಿನ್ನ ಮುಖ ನೋಡಿ ಮುಚ್ಕೊಂಡೆ. ನಮಗೆ ಅದೂ ಒಂದೇ, ಇದೂ ಒಂದೇ."

ಕಪಾಳಕ್ಕೆ ಹೊಡೆದಂತಾಯಿತು. ಮೇಸ್ತ್ರಿಯಾಗಿ ಒಂದು ವಾರವಾಗಿಲ್ಲ, ಆಗಲೇ ತಾನೂ ಸದ್ದಿಲ್ಲದ ಗುಡುಗಪ್ಪನಾಗಿಬಿಟ್ಟೆನೇ?

ಹಾಲ್‌ನ ಆ ತುದಿಯಲ್ಲಿ ಅಂಟಿನ ಯಂತ್ರ ಆಗಲೇ ಪುಸ್ತಕಗಳನ್ನು ನುಂಗುತ್ತಿತ್ತು. "ನಿಲ್ಲಿಸಿ!" ಎಂದಳು. ಆ ಕೂಗು ಮೇಜನ್ನೂ ದಾಟಲಿಲ್ಲ. ಅವಳು ನೇರ ಗುಡುಗಪ್ಪನ ಬಳಿ ಹೋಗಿ ಪುಸ್ತಕದ ಬೆನ್ನನ್ನು ಅವನ ಮುಖಕ್ಕೆ ಹಿಡಿದಳು. ಅವನ ಮುಖ ಬಿಳಿಚಿಕೊಂಡಿತು.

"ಕೂಗಿ," ಎಂದಳು.

"ಯಂತ್ರ ನಿಲ್ಲಿಸ್ರೋ!"

ಗಾಜುಗಳು ಅದುರಿದವು. ಯಂತ್ರ ನಿಂತಿತು. ಹಾಳಾಗಿದ್ದು ಹನ್ನೆರಡೇ ಪುಸ್ತಕ. ಎಲ್ಲರೂ ಸುತ್ತ ನೆರೆದರು. ಗುಡುಗಪ್ಪ ತಲೆ ತಗ್ಗಿಸಿ, ಬರಬೇಕಾದ ಮಾತಿಗೆ ಕಾದ.

"ಇದನ್ನ ಮೊದಲು ಕಂಡಿದ್ದು ಅತ್ತೆ," ಎಂದಳು ಮೂಕಮ್ಮ. "ಕಂಡೂ ಮುಂದೆ ತಳ್ಳಿದ್ದು ನಾನು. ಇನ್ಮೇಲೆ ಮೆಟ್ಟಿಲು ಮುರಿದಿದ್ದು ಯಾರು ಕಂಡ್ರೂ ಕೈ ಎತ್ತಿ. ಕೂಗೋದು ಇವರ ಕೆಲಸ. ಯಜಮಾನಿಗೆ ನಡೆದದ್ದನ್ನೆಲ್ಲ ನಾನೇ ಹೇಳ್ತೀನಿ. ಇಂಥ ದನಿ ನನಗೆ ಬೇಕು ಅಂತಲೂ ಹೇಳ್ತೀನಿ."

ಗುಡುಗಪ್ಪ ಕಣ್ಣರಳಿಸಿದ. ಆದರೆ ಅವಳು ಮುಗಿಸಿರಲಿಲ್ಲ. ಕೆಂಡ ಇನ್ನೂ ಆರಿರಲಿಲ್ಲ.

"ಆರು ವರ್ಷದ ಹಿಂದೆ ನಾನು ನಿಮಗೆ ಹೇಳಿದ್ನೋ, ಇಲ್ವೋ?"

ಅವನು ನೆಲ ನೋಡುತ್ತ ಏನೋ ಗೊಣಗಿದ.

"ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ."

"ಹೇಳಿದ್ಳು!" ಎಂದು ಗುಡುಗಪ್ಪ ಕೂಗಿದ. ಇಡೀ ಹಾಲ್‌ಗೆ ಕೇಳಿಸುವಂತೆ ಕೂಗಿದ. "ಇವಳು ಅವತ್ತೇ ಹೇಳಿದ್ಳು! ಸುಳ್ಳು ಹೇಳಿದ್ದು ನಾನು!"

ಯಾರೂ ನಗಲಿಲ್ಲ. ಮೂಕಮ್ಮ ಒಂದು ರಾಶಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಏಳನೆಯ ಮಡಿಕೆಯನ್ನು ಬಿಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಗುಡುಗಪ್ಪನೂ ಪಕ್ಕದಲ್ಲಿ ಬಂದು ನಿಂತ. ಅವಳು ಅರ್ಧ ರಾಶಿಯನ್ನು ಅವನತ್ತ ಸರಿಸಿದಳು.