ಮನೆಯಲ್ಲಿ ಸಕ್ಕರೆ ಇರಲಿಲ್ಲ

ನನ್ನ ಗಂಡ ದರ್ಜಿ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟರು ಹೇಳಿದ ಮೇಲೂ ಈ ಮಹಾನುಭಾವರು ಚಾಕಲೇಟನ್ನು ಗಿರಾಕಿಗಳ ಕೋಟಿನ ಜೇಬಲ್ಲಿ ಬಚ್ಚಿಟ್ಟು ತಿನ್ನುತ್ತಿದ್ದರು. ಒಮ್ಮೆ ಮದುಮಗನೊಬ್ಬನ ಹೊಸ ಕೋಟಲ್ಲಿ ಅದು ಕರಗಿ ಮೆತ್ತಿಕೊಂಡು ನಮ್ಮ ಮಾನ ಹರಾಜಾಯಿತು.

ಆಮೇಲೆ ಕಾಲು ಜೋಮು ಹಿಡಿಯತೊಡಗಿತು. ಮೆಷಿನ್ ತುಳಿಯುವ ಕಾಲು ಅದು. ಆಗ ಹೆದರಿದರು. ಡಾಕ್ಟರು ಬಿಡಿಸಿ ಹೇಳಿದರು: ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಿಹಿ ಬಿಡಿ; ಮೊಟ್ಟೆ, ಮೀನು, ಸೊಪ್ಪು, ತರಕಾರಿ ಹೊಟ್ಟೆ ತುಂಬ ತಿನ್ನಿ. ಸಕ್ಕರೆ ಇಳಿಯುತ್ತಾ ಹೋದ ಹಾಗೆ ಮಾತ್ರೆಯನ್ನೂ ಇಳಿಸಬೇಕು, ಅದಕ್ಕೆ ಆಗಾಗ ಫೋನ್ ಮಾಡುತ್ತಿರಿ. ಮನೆಗೆ ಬಂದು ಇವರು ನನ್ನ ಕೈ ಹಿಡಿದು, "ಇನ್ನು ನೀನು ಕೊಟ್ಟದ್ದು ಬಿಟ್ಟು ಏನೂ ಬಾಯಿಗೆ ಹಾಕಲ್ಲ ಕಣೇ" ಅಂದರು.

ನಂಬೋಕೆ ನನಗೇನು ತಲೆ ಕೆಟ್ಟಿದೆಯಾ? ಸಕ್ಕರೆ, ಹಿಟ್ಟು, ಹಣ್ಣು ಎಲ್ಲ ಮನೆಯಿಂದಾಚೆ ಹಾಕಿದೆ. ಪಕ್ಕದ ಟೀ ಅಂಗಡಿಯವನಿಗೆ, ಇವರಿಗೆ ಒಂದು ಹರಳು ಸಕ್ಕರೆ ಕೊಟ್ಟರೂ ನಿನ್ನ ಗ್ರಹಚಾರ ಬಿಡಿಸ್ತೀನಿ ಅಂತ ತಾಕೀತು ಮಾಡಿದೆ. ಇವರು ಸ್ನಾನಕ್ಕೆ ಹೋದಾಗಲೆಲ್ಲ ಕೋಟುಗಳ ಜೇಬು ತಡಕುತ್ತಿದ್ದೆ.

ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡುವ ಮೀಟರಿನ ಅಂಕಿ ಇಳಿಯಿತು. ಇವರಿಗೆ ಕೋಡು ಮೂಡಿತು. "ಫೋನ್ ಯಾಕೆ? ಮುಂದಿನ ಸಲ ಎದುರಿಗೇ ಹೋಗಿ ತೋರಿಸ್ತೀನಿ, ಡಾಕ್ಟರು ಬೆರಗಾಗಲಿ" ಅಂದರು. ಮಾತ್ರೆಗಳನ್ನು ಮಾತ್ರ ಹಳೇ ಲೆಕ್ಕದಲ್ಲೇ, ಒಂದೂ ತಪ್ಪಿಸದೆ ನುಂಗುತ್ತಿದ್ದರು. ಕಾಯಿಲೆಗೆ ಎರಡೂ ಕಡೆಯಿಂದ ಬೀಳಲಿ ಅಂತ ನಾನೂ ಹೂಂ ಅಂದೆ.

ಆವತ್ತು ಗಿರಾಕಿಯ ಅವಸರಕ್ಕೆ ಇವರ ಊಟ ತಡವಾಯಿತು. ಮೀನು ಬಿಸಿ ಮಾಡುತ್ತಿದ್ದೆ. ಇವರು ಅಡುಗೆಮನೆ ಬಾಗಿಲಿಗೆ ಬಂದು, "ಒಂದು ಚಮಚ ಸಕ್ಕರೆ ಸಿಗುತ್ತೇನೇ?" ಅಂದರು.

"ಬಂತಾ ಹಳೇ ಚಾಳಿ? ಸಕ್ಕರೆಯೂ ಇಲ್ಲ, ಸುಣ್ಣವೂ ಇಲ್ಲ. ಹೋಗಿ ಕೂತ್ಕೊಳ್ಳಿ."

ಹಾಗೇ ಅಂಗಡಿಗೆ ಹೋಗಿ ಕತ್ತರಿ ಹಿಡಿದರು.

ತಟ್ಟೆ ಹಿಡಿದು ಹೋದರೆ, ಕತ್ತರಿ ಬಟ್ಟೆಯ ಮೇಲೆ ಅಡ್ಡಾದಿಡ್ಡಿ ಓಡಿತ್ತು. ದುಬಾರಿ ಬಟ್ಟೆ. ಬೈಯಲು ಬಾಯಿ ತೆರೆದವಳಿಗೆ ಇವರ ಬಿಳಿಚಿದ ಮುಖ ಕಂಡಿತು. ಅಂಗಿ ಬೆವರಿಗೆ ಒದ್ದೆ, ಕೈ ಗಡಗಡ. ಕದ್ದು ತಿಂದು ಸಕ್ಕರೆ ಏರಿಸಿಕೊಂಡಿದ್ದಾರೆ ಅಂದುಕೊಂಡು ಸಿಟ್ಟಿನಲ್ಲೇ ಬೆರಳು ಚುಚ್ಚಿದೆ. ಮೀಟರು ನಲವತ್ತೆಂಟು ತೋರಿಸಿತು.

ಏರಿರಲಿಲ್ಲ, ಪಾತಾಳಕ್ಕಿಳಿದಿತ್ತು. ಹೀಗೇ ಬಿಟ್ಟರೆ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಬಾಯಿಗೆ ಹನಿ ನೀರು ಹಾಕುವಂತಿಲ್ಲ, ಜೀವಕ್ಕೇ ಸಂಚಕಾರ.

"ರೀ, ಎಲ್ಲಿ ಬಚ್ಚಿಟ್ಟಿದ್ದೀರಿ? ಬೈಯಲ್ಲ, ಹೇಳಿ."

"ಇಲ್ಲ ಕಣೇ," ಅಂದರು. ನಾಲಿಗೆ ಹೊರಳುತ್ತಿರಲಿಲ್ಲ.

ತೂಗುಹಾಕಿದ್ದ ಕೋಟುಗಳ ಜೇಬೆಲ್ಲ ಎಳೆದು ಹೊರಹಾಕಿದೆ. ಗುಂಡಿಯ ಡಬ್ಬಿ ಬೋರಲು ಹಾಕಿದೆ. ಒಂದಾದರೂ ಸಿಗಲಿ, ಒಂದೇ ಒಂದು ಸುಳ್ಳನ್ನಾದರೂ ಹೇಳಿರಲಿ ದೇವರೇ ಅಂತ ಬೇಡಿಕೊಂಡೆ. ಸೀಮೆಸುಣ್ಣದ ಚೂರು ಬಿಟ್ಟು ಏನೂ ಇರಲಿಲ್ಲ.

ಟೀ ಅಂಗಡಿಗೆ ಓಡಿದೆ. "ಸಕ್ಕರೆ ಕೊಡಪ್ಪಾ, ಬೇಗ."

ಅವನು ಹಲ್ಲು ಕಿರಿದ. "ನನ್ನನ್ನೇ ಪರೀಕ್ಷೆ ಮಾಡ್ತೀರಾ ಅಕ್ಕಾ? ಆವತ್ತಿಂದ ಯಜಮಾನರಿಗೆ ಒಂದು ಹರಳೂ ಕೊಟ್ಟಿಲ್ಲ. ಅವರು ಕೇಳಲೂ ಇಲ್ಲ ಬಿಡಿ."

ಮಾತಿಗೆ ನಿಲ್ಲದೆ ಡಬ್ಬಿಯನ್ನೇ ಕಿತ್ತುಕೊಂಡು ಬಂದೆ.

ಅಷ್ಟರಲ್ಲಿ ಇವರು ಗೋಡೆಗೆ ಒರಗಿ ಅರೆಗಣ್ಣಾಗಿದ್ದರು. ಸಕ್ಕರೆ ಕದಡಿದ ನೀರನ್ನು ತುಟಿಗೆ ಹಿಡಿದರೆ ಮುಖ ತಿರುಗಿಸಿದರು. "ಬೇಡ. ಮಾತು ಕೊಟ್ಟಿದ್ದೀನಿ," ಅಂತ ತೊದಲಿ ಹಲ್ಲು ಕಚ್ಚಿಕೊಂಡರು.

"ರೀ, ನೋಡಿ ಇಲ್ಲಿ. ಇದನ್ನ ನಾನೇ ಕೊಡ್ತಿದ್ದೀನಿ. ನಿಮ್ಮ ಮಾತು ತಪ್ಪಲ್ಲ. ದಮ್ಮಯ್ಯ ಅಂತೀನಿ, ಕುಡೀರಿ."

ನನ್ನ ಮುಖವನ್ನೇ ದಿಟ್ಟಿಸಿದರು. ಆಮೇಲೆ ಬಾಯಿ ತೆರೆದರು. ಗುಟುಕು ಗುಟುಕಾಗಿ ಲೋಟ ಬರಿದಾಯಿತು.

ಡಾಕ್ಟರಿಗೆ ಫೋನ್ ಮಾಡಿದೆ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಏರಿದ್ದರೆ ಊಟ ಕೊಡಿ, ಏರದಿದ್ದರೆ ಮತ್ತೆ ಸಕ್ಕರೆ ಕೊಟ್ಟು ಆಸ್ಪತ್ರೆಗೆ ಕರೆತನ್ನಿ ಅಂದರು. ಕಾಲು ಗಂಟೆ ಮೀಟರು ಹಿಡಿದು ಕೂತೆ. ಮತ್ತೆ ಚುಚ್ಚಿ ನೋಡಿದರೆ ತೊಂಬತ್ತು ದಾಟಿತ್ತು. ಮತ್ತೆ ಫೋನ್ ಮಾಡಿದಾಗ ಡಾಕ್ಟರು ಚೆನ್ನಾಗಿ ಬೈದರು. "ಈ ಊಟದ ಜೊತೆ ಅಷ್ಟೂ ಮಾತ್ರೆ ಕೊಟ್ಟಿದ್ದೀರಾ? ಸಕ್ಕರೆ ಇಳಿಸೋ ಆ ಬಿಳಿ ಮಾತ್ರೆ ಈಗಲೇ ನಿಲ್ಲಿಸಿ, ಇವತ್ತೇ ಕರ್ಕೊಂಡು ಬನ್ನಿ. ಪಥ್ಯ ಬಿಡಬೇಡಿ, ಆದರೆ ಮನೇಲಿ ಸಕ್ಕರೆ ಇರಲೇಬೇಕು."

ಇವರು ಮೀನು ತಿನ್ನುತ್ತಿದ್ದರು. ಮುಖಕ್ಕೆ ಬಣ್ಣ ಬಂದಿತ್ತು. ಜೀವ ಉಳೀತು ಅಂತ ಗೊತ್ತಾದ ಮೇಲೆ ನನಗೆ ಸಿಟ್ಟು ಉಕ್ಕಿತು.

"ನಾನು ಇಲ್ಲ ಅಂದ ತಕ್ಷಣ ಹಾಗೇ ಹೋಗಿ ಕೂತಿರಲ್ಲ, ಇನ್ನೊಂದು ಸಲ ಕೇಳೋಕೆ ಏನಾಗಿತ್ತು ನಿಮಗೆ?"

"ನೀನು ಇಲ್ಲ ಅಂದೆಯಲ್ಲ," ಅಂದರು ಮುಳ್ಳು ಬಿಡಿಸುತ್ತಾ. "ನಿನಗೆ ಗೊತ್ತಿರುತ್ತೆ, ನನ್ನ ಒಳ್ಳೇದಕ್ಕೇ ಹೇಳಿರ್ತೀಯ ಅಂದ್ಕೊಂಡೆ."

ಟೀ ಅಂಗಡಿಯ ಸಕ್ಕರೆ ಡಬ್ಬಿಯನ್ನು ಅವರ ಕೈಗೆ ಎಟುಕುವ ಹಾಗೆ ಮೆಷಿನ್ ಪಕ್ಕದಲ್ಲಿಟ್ಟೆ.