ಘಾಟಿಯಲ್ಲಿ ತೆಗೆಸಿದ ವಾಲ್ವ್

ಬುಧವಾರ ಮಧ್ಯಾಹ್ನ ಐರೋಲಿಯಿಂದ ಹಿಂದಿರುಗಿದ ಸೊಸೆ ಅಶ್ಮಿತಾ ಕಾರಿನಿಂದ ಇಳಿಯಲೇ ಇಲ್ಲ. ಎಂಜಿನ್ ಬಂದ್ ಮಾಡಿ, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಕೂತಿದ್ದಳು. ಹಿಂದಿನ ಸೀಟಿನಲ್ಲಿ ಹಿಟ್ಟಿನ ಖಾಲಿ ಪಾತ್ರೆಗಳಿದ್ದವು. ಬಿಲ್ಡಿಂಗಿನ ಕೆಳಗೆ ಬೆಂಚಿನಲ್ಲಿದ್ದ ನಾನು ಎದ್ದು ಹೋದೆ.

“ಎಂತಾಯ್ತು ಮಗಾ?”

“ಗಾಡಿಯ ಹೊಗೆ ಪರೀಕ್ಷೆ, ಪಿಯುಸಿ, ಫೇಲಾಯ್ತು ಮಾವ. ಬರುವಾಗ ಶಿಳಫಾಟಾದಲ್ಲಿ ತೋರಿಸಿದೆ. ಹೊಗೆ ಜಾಸ್ತಿ ಉಂಟಂತೆ, ಸರ್ಟಿಫಿಕೇಟ್ ಕೊಡ್ಲಿಲ್ಲ.”

“ಇನ್ನೊಮ್ಮೆ ತೋರಿಸಿದ್ರಾಯ್ತು.”

“ಆಫೀಸಿನ ಗೇಟಿನವರು ಇವತ್ತೇ ಹೇಳಿಯಾಯ್ತು. ಶನಿವಾರದವರೆಗೆ ಬಿಡ್ತಾರೆ. ಸೋಮವಾರದಿಂದ ಪಿಯುಸಿ ಇಲ್ಲದ ಗಾಡಿ ಒಳಗಿಲ್ಲ. ಗಾಡಿ ಒಳಗಿಲ್ಲದಿದ್ರೆ ನಾನೂ ಇಲ್ಲ.”

ಐರೋಲಿಯ ಒಂದು ಆಫೀಸ್ ಪಾರ್ಕಿನ ಕ್ಯಾಂಟೀನಿನಲ್ಲಿ ಅವಳಿಗೊಂದು ಕೌಂಟರ್ ಸಿಕ್ಕಿ ಎಂಟು ತಿಂಗಳಾಗಿತ್ತು. ನೀರುದೋಸೆ, ಮೂಡೆ, ಬನ್ಸ್ ಮಾಡುತ್ತಿದ್ದಳು. ಅದಕ್ಕೆ ಮೊದಲು ಹತ್ತು ವರ್ಷ ಒಂದಲ್ಲ ಒಂದು ಆಫೀಸಿನಲ್ಲಿ ಯಾರದೋ ಫೈಲು ಜೋಡಿಸಿಕೊಂಡಿದ್ದವಳು. ಇದು ತನ್ನದು ಎಂದು ಅವಳು ಶುರು ಮಾಡಿದ ಮೊದಲ ಕೆಲಸ. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಗಾಡಿಗೆ ಖಾಲಿ ಕೈಯಲ್ಲಿ ಹತ್ತುವುದೇ ಕಷ್ಟ. ಹಿಟ್ಟಿನ ಪಾತ್ರೆ ಹಿಡಿದು ಹತ್ತಿ, ಠಾಣೆಯಲ್ಲಿ ಇಳಿದು, ಮತ್ತೆ ಐರೋಲಿಯ ಗಾಡಿ ಹಿಡಿಯುವುದು ಆಗುವ ಮಾತಲ್ಲ. ಕಾರಿಲ್ಲದಿದ್ದರೆ ಕೌಂಟರಿಲ್ಲ.

ಸಂಜೆ ಮಗ ಜಯೇಶ್ ಠಾಣೆಯ ಆಫೀಸಿನಿಂದ ಬಂದ. ಊಟಕ್ಕೆ ಕೂತಾಗ ವಿಷಯ ಗೊತ್ತಾಯಿತು.

“ಹದಿಮೂರು ವರ್ಷದ ಗಾಡಿ. ಸ್ಕ್ರ್ಯಾಪಿಗೆ ಕೊಟ್ಟುಬಿಡುವ,” ಅಂದ. “ಇವಳ ಕಾಲು ಭಾರ ಅಪ್ಪ, ಎಕ್ಸಿಲೇಟರ್ ತುಳಿದೇ ತುಳೀತಾಳೆ. ಎರಡು ದಿನಕ್ಕೊಮ್ಮೆ ಪೆಟ್ರೋಲ್ ಬಂಕಿಗೆ ಓಡ್ತಾಳೆ. ಯಾವ ಗಾಡಿ ತಡೀತದೆ?”

ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ಪುಷ್ಪಾವತಿ, “ಅವಳ ಕಾಲು ಭಾರ, ನಿನ್ನ ಹೊಟ್ಟೆ ಮಾತ್ರ ಹತ್ತಿ ಮೂಟೆಯಾ? ನೀನು ಕೂತ್ರೆ ಗಾಡಿ ಒಂದು ಬದಿಗೆ ವಾಲ್ತದೆ ಮಾರಾಯ,” ಅಂದಳು.

ಜಯೇಶನೇ ನಕ್ಕ. ಅಶ್ಮಿತಾ ನಗಲಿಲ್ಲ, ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದಳು. ನನಗೂ ನಗು ಬರಲಿಲ್ಲ. ಕಾಲು ಭಾರ ಎಂಬ ಮಾತು ಜಯೇಶನದಲ್ಲ. ಎರಡು ತಿಂಗಳ ಹಿಂದೆ ಪೆಟ್ರೋಲು ಹೆಚ್ಚು ಹೋಗುತ್ತದೆ ಅಂತ ಅವನು ಕೇಳಿದಾಗ ನಾನೇ ಹೇಳಿದ್ದು. ಅವಳು ಓಡಿಸುವುದನ್ನು ಆಗ ನಾನು ಪಕ್ಕದಲ್ಲಿ ಕೂತು ನೋಡಿರಲೂ ಇಲ್ಲ. ಆದರೆ ಮೂವತ್ತೆಂಟು ವರ್ಷ ವಾಶಿ ಮಾರ್ಕೆಟಿನಿಂದ ಠಾಣೆ, ಕಲ್ಯಾಣದ ನಮ್ಮವರ ಹೋಟೆಲುಗಳಿಗೆ ತರಕಾರಿ, ತೆಂಗಿನಕಾಯಿ ಹೊತ್ತ ಟೆಂಪೋದ ಡ್ರೈವರ್ ಧರ್ಮಪಾಲನಾದ ನಾನು ಹೇಳಿದ ಮೇಲೆ ಮನೆಯಲ್ಲಿ ಯಾರು ಎದುರಾಡುತ್ತಾರೆ?

“ಮೂರು ದಿನ ಉಂಟಲ್ಲ,” ಅಂದೆ. “ನಾನು ನೋಡ್ತೇನೆ.”

ಮರುದಿನ ಬೆಳಿಗ್ಗೆ ಆರೂವರೆಗೆ ಅವಳ ಜೊತೆ ಹೊರಟೆ. ಪಾತ್ರೆಗಳನ್ನು ಇಟ್ಟು, ಮಧ್ಯೆ ಹಳೆ ಸೀರೆ ತುರುಕಿ, ಅವಳು ಎಂಜಿನ್ ಸ್ಟಾರ್ಟ್ ಮಾಡಿದಳು. ಆಮೇಲೆ ಹಾಗೆಯೇ ಕೂತಳು. ಐದು ನಿಮಿಷ, ಹತ್ತು ನಿಮಿಷ. ಕೆಳಮಹಡಿಯ ಮನೆಯ ಕಿಟಕಿ ನಮ್ಮ ಪಾರ್ಕಿಂಗಿಗೆ ಸರಿಯಾಗಿ ಎದುರು. ಅಲ್ಲಿಂದ ಆ ಮನೆಯ ನಾಗವೇಣಿಯ ಗಂಟಲು ಕೇಳಿತು.

“ಅಶ್ಮಿತಾ, ಇವತ್ತೂ ನಮ್ಮ ಪಲ್ಯಕ್ಕೆ ನಿನ್ನ ಪೆಟ್ರೋಲಿನದ್ದೇ ಒಗ್ಗರಣೆಯೇನೇ?”

ಕಿಟಕಿ ಪಟಾರೆಂದು ಮುಚ್ಚಿತು. ನಾನು ಕೇಳಿದೆ, “ಯಾಕೆ ಇಷ್ಟು ಹೊತ್ತು ನಿಲ್ಲಿಸ್ತಿ?”

“ನೀವೇ ಹೇಳಿದ್ದಲ್ವಾ ಮಾವ, ಎಂಜಿನ್ ಬಿಸಿಯಾಗದೆ ಹೊರಡಬಾರ್ದು ಅಂತ? ಇದು ಬಿಸಿಯೇ ಆಗೋದಿಲ್ಲ. ಬೇಗ ಹೊರಟ್ರೆ ಗಕ್ಕನೆ ನಿಂತು ನಿಂತು ಹೋಗ್ತದೆ.”

ಶಿಳಫಾಟಾದಲ್ಲಿ ಕಂಟೇನರ್ ಲಾರಿಗಳ ಸಾಲು ಮುಗಿಯುವಂತಿರಲಿಲ್ಲ. ಹದಿನೈದು ನಿಮಿಷ ನಿಂತಲ್ಲೇ ನಿಂತೆವು. ಎಂಜಿನ್ ಓಡುತ್ತಲೇ ಇತ್ತು.

“ಇಲ್ಲಿ ಬಂದ್ ಮಾಡಬಹುದಲ್ಲ?”

“ಜಾಮಿನಲ್ಲಿ ಬಂದ್ ಮಾಡಬೇಡ, ಮತ್ತೆ ಸ್ಟಾರ್ಟ್ ಆಗದಿದ್ರೆ ಹಿಂದಿನವರ ಬೈಗುಳ ತಿನ್ಬೇಕು ಅಂತ...”

“ಯಾರು ಹೇಳಿದ್ದು?”

“ಅದೂ ನೀವೇ,” ಅಂದಳು. ಆ ದಿನ ಮೊದಲ ಸಲ ಅವಳ ಮುಖದಲ್ಲಿ ಸ್ವಲ್ಪ ನಗು ಬಂತು.

ಹೌದು, ನಾನೇ. ನನ್ನ ಟೆಂಪೋದ ಸ್ಟಾರ್ಟರ್ ಸತ್ತುಹೋಗಿತ್ತು. ಒಮ್ಮೆ ಮುಂಬ್ರಾದ ಏರಿನಲ್ಲಿ ನಿಂತು, ನಾಲ್ಕು ಜನರ ಕೈಯಿಂದ ತಳ್ಳಿಸಿಕೊಂಡ ಅವಮಾನ ನೆನಪಿದೆ. ಆ ಟೆಂಪೋ ಗುಜರಿಗೆ ಹೋಗಿ ಇಪ್ಪತ್ತು ವರ್ಷವಾಯಿತು. ಅದು ಕಲಿಸಿದ್ದು ಮಾತ್ರ ನಮ್ಮ ಮನೆಯಲ್ಲಿ ಹಾಗೆಯೇ ಇತ್ತು.

ಸಾಲು ಕದಲಿದ ಮೇಲೆ ನಾನು ಅವಳ ಕಾಲನ್ನೇ ನೋಡುತ್ತಾ ಕೂತೆ. ಕ್ಲಚ್ಚಿನ ಮೇಲೆ ಸುಮ್ಮನೆ ಇಡುವುದಿಲ್ಲ. ದೂರದಲ್ಲಿ ಕೆಂಪು ಲೈಟು ಕಂಡರೆ ಆಗಲೇ ಎಕ್ಸಿಲೇಟರ್ ಬಿಡುತ್ತಾಳೆ; ಗಾಡಿ ತಾನಾಗಿಯೇ ಮೆತ್ತಗಾಗಿ, ಬ್ರೇಕು ಬೇಕೋ ಬೇಡವೋ ಎನ್ನುವಷ್ಟರಲ್ಲಿ ನಿಲ್ಲುತ್ತದೆ. ಎಳೆದು ಎಳೆದು ಓಡಿಸುವುದಿಲ್ಲ, ಎಂಜಿನ್ ಕೂಗುವ ಮೊದಲೇ ಮೇಲಿನ ಗೇರಿಗೆ ಹಾಕುತ್ತಾಳೆ.

“ಇದನ್ನೆಲ್ಲ ಯಾರು ಕಲಿಸಿದ್ದು?” ಕೇಳಿದೆ.

“ಯಾರು ಕಲಿಸ್ತಾರೆ? ನೀರುದೋಸೆಯ ಹಿಟ್ಟು ಮಾವ. ಗಕ್ಕಂತ ಬ್ರೇಕ್ ಹಾಕಿದ್ರೆ ಎಲ್ಲ ಸೀಟಿನ ಮೇಲೆ. ಮೊದಲ ವಾರ ನಾಲ್ಕು ಸಲ ಸೀಟು ತೊಳೆದಿದ್ದೇನೆ.”

ಇಷ್ಟು ತೆಳ್ಳಗಿನ ಹಿಟ್ಟನ್ನು ಒಂದು ಹನಿ ಚೆಲ್ಲದೆ ಐರೋಲಿಗೆ ಮುಟ್ಟಿಸುವವಳ ಕಾಲು ಭಾರ ಎಂದು ನಾನು ಹೇಳಿದ್ದೆ. ನನ್ನ ಮೂವತ್ತೆಂಟು ವರ್ಷದಲ್ಲಿ ನಾನು ಹೀಗೆ ಓಡಿಸಿದ್ದಿಲ್ಲ. ತೆಂಗಿನಕಾಯಿ ಚೆಲ್ಲುವುದಿಲ್ಲವಲ್ಲ.

ಮಹಾಪೆ ದಾಟುವಾಗ ಕಣ್ಣು ಮೀಟರಿನ ಕಡೆ ಹೋಯಿತು. ಎಂಜಿನ್ನಿನ ಬಿಸಿ ತೋರಿಸುವ ಸೂಜಿ ತಳದಲ್ಲೇ ಮಲಗಿತ್ತು. ಒಂದು ಗಂಟೆ ಓಡಿದರೂ ಏಳಲಿಲ್ಲ. ಎಷ್ಟು ಜನಕ್ಕೆ ನಾನು ಆ ಸೂಜಿ ತೋರಿಸಿ ಹೆಮ್ಮೆಪಟ್ಟಿದ್ದೆ! ನೋಡಿ, ನಮ್ಮ ಗಾಡಿ ಬಿಸಿ ಅಂದ್ರೆ ಏನೂಂತ ತಿಳೀದು ಅಂತ. ಈಗ ಅದನ್ನು ನೋಡಿ ಕಶೇಡಿ ಘಾಟಿ ನೆನಪಾಯಿತು.

ಏಳು ವರ್ಷದ ಹಿಂದಿನ ಮೇ ತಿಂಗಳು. ಎಲ್ಲರೂ ಈ ಕಾರಿನಲ್ಲಿ ಊರಿಗೆ ಹೊರಟಿದ್ದೆವು. ಕಶೇಡಿ ಘಾಟಿಯಲ್ಲಿ ಎಂಜಿನ್ ಕುದಿದು ಬಾನೆಟ್ಟಿನಿಂದ ಹಬೆ ಎದ್ದಿತು. ಕೆಳಗೆ ರಸ್ತೆ ಬದಿಯ ಗ್ಯಾರೇಜಿನವನು ನೀರಿನ ಪೈಪು ಹಳತಾಗಿ ಸೋರುತ್ತದೆ, ಬದಲಿಸಿದರೆ ಸಾಕು ಅಂದ. ಮನೆಯವರೆಲ್ಲ ಆಚೆ ಚಹಾದಂಗಡಿಯಲ್ಲಿದ್ದರು; ನಾನು ಅವನ ಮಾತು ಕೇಳಲಿಲ್ಲ. ಪೈಪಿನ ಜೊತೆ ಥರ್ಮೋಸ್ಟ್ಯಾಟ್ ವಾಲ್ವನ್ನೂ ಕಿತ್ತು ಬಿಸಾಡು ಅಂದೆ. ನಮ್ಮ ಕಾಲದ ಹೋಟೆಲ್ ಟೆಂಪೋದವರೆಲ್ಲ ಗಾಡಿ ಕೊಂಡ ವಾರದಲ್ಲೇ ಮಾಡುತ್ತಿದ್ದ ಕೆಲಸ ಅದು. ನೀರು ಹರಿಯುವ ದಾರಿಯಲ್ಲಿ ಬಾಗಿಲು ಯಾಕೆ, ಬಾಗಿಲಿಲ್ಲದಿದ್ದರೆ ಎಂಜಿನ್ ಕುದಿಯುವುದಿಲ್ಲ ಎಂಬುದು ನಮ್ಮ ಲೆಕ್ಕ. ಗ್ಯಾರೇಜಿನವನು ಬೇಡ ಕಾಕಾ ಅಂದ. ನಿನ್ನ ವಯಸ್ಸಿನಷ್ಟು ವರ್ಷ ನಾನು ಗೇರು ಹಾಕಿದ್ದೇನೆ, ಕೀಳು ಅಂದೆ. ಅವನು ಕಿತ್ತ.

ಮಧ್ಯಾಹ್ನ ಹಿಂದಿರುಗುವಾಗ ಕಾರನ್ನು ನೇರ ಡೊಂಬಿವಲಿ ಎಂಐಡಿಸಿಯ ಮಯೂರ್‌ನ ಗ್ಯಾರೇಜಿಗೆ ತಿರುಗಿಸಿದೆವು. ಅವನು ವಿಜಯಪುರ ಕಡೆಯವನು, ಹುಟ್ಟಿದ್ದು ಕಲ್ಯಾಣದಲ್ಲಿ. ಬಾನೆಟ್ ಎತ್ತಿ ಮೊದಲು ಏರ್ ಫಿಲ್ಟರ್ ತೆಗೆದು ತೋರಿಸಿದ. ಫ್ಯಾಕ್ಟರಿಗಳ ಧೂಳು ಹಿಡಿದು ಅದು ಕಂಬಳಿಯ ತುಂಡಿನಂತಿತ್ತು.

“ಏನ್ ಅಕ್ಕಾರ, ಗಾಡಿಗೆ ಮೂಗು ಕಟ್ಟೇತಿ. ಉಸಿರು ಹೆಂಗ ಆಡಬೇಕ್ರಿ ಅದು?”

ಪ್ಲಗ್ಗುಗಳನ್ನು ಬಿಚ್ಚಿದ. ಮಸಿಯಂತೆ ಕಪ್ಪಾಗಿದ್ದವು. ಅವನ ಹುಬ್ಬು ಗಂಟಾಯಿತು. ನೀರಿನ ಪೈಪಿನ ಬುಡ ಬಿಚ್ಚಿ, ಬೆರಳು ಹಾಕಿ ತಡಕಾಡಿದ.

“ಅಯ್ಯ! ಇದರಾಗ ವಾಲ್ವೇ ಇಲ್ಲಲ್ರೀ ಕಾಕಾ! ಯಾವ ಶಾಣ್ಯಾ ಕಿತ್ತಾನ್ರಿ ಇದನ್ನ?”

ನಾನು ಬಾನೆಟ್ಟಿನೊಳಗೆ ಬಗ್ಗಿ ನೋಡಿದೆ.

“ನೋಡ್ರಿ ಅಕ್ಕಾರ, ವಾಲ್ವ್ ಇದ್ರ ಎಂಜಿನ್ ಜಲ್ದಿ ಬಿಸಿ ಆಗ್ತೈತಿ, ಆಮ್ಯಾಲ ತಾನ ತೆರಕೊಂಡು ನೀರು ಬಿಡ್ತೈತಿ. ಇಲ್ಲಂದ್ರ ಎಂಜಿನ್ನಿಗೆ ಯಾವಾಗ್ಲೂ ಥಂಡಿ. ಥಂಡಿ ಅಂತ ಅದು ಪೆಟ್ರೋಲ್ ಜಾಸ್ತಿ ಕುಡೀತೈತಿ. ಕುಡಿದಿದ್ದು ಪೂರಾ ಸುಡಂಗಿಲ್ಲ, ಹೊಗಿ ಆಗಿ ಹೋಗ್ತೈತಿ. ಇಷ್ಟು ದಿನ ಹೆಂಗೋ ಪಾಸಾಗೇತಿ, ಈಗ ಫಿಲ್ಟರೂ ಕಟ್ಟಿ ಸಿಕ್ಕಿಬಿದ್ದೈತಿ. ಯಾರೋ ಮೆಕ್ಯಾನಿಕ್ ನಿಮಗ ಟೋಪಿ ಹಾಕ್ಯಾನ. ಹುಚ್ಚಪ್ಯಾಲಿ!”

ಅಶ್ಮಿತಾ ನನ್ನ ಕಡೆ ತಿರುಗಿದಳು. “ಯಾವ ಮೆಕ್ಯಾನಿಕ್ ಮಾವ?”

ಆ ಮೆಕ್ಯಾನಿಕ್ ಎಲ್ಲೋ ಘಾಟಿಯ ಕೆಳಗಿದ್ದಾನೆ. ಅವನ ತಲೆಗೆ ಕಟ್ಟಿದರೆ ಕೇಳುವವರಿಲ್ಲ. ನಾಲಗೆಯ ತುದಿಗೆ ಆ ಮಾತು ಬಂದದ್ದೂ ನಿಜ. ಆದರೆ ಎರಡು ತಿಂಗಳು ಇವಳು ಊಟದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತದ್ದು ಕಣ್ಣಮುಂದೆ ಬಂತು.

“ಮೆಕ್ಯಾನಿಕ್ ಅಲ್ಲ,” ಅಂದೆ. “ಅವನು ಬೇಡ ಅಂದಿದ್ದ. ಕೀಳಿಸಿದ್ದು ನಾನು.”

ಮಯೂರ್ ಬೆರಳನ್ನು ಪೈಪಿನಿಂದ ತೆಗೆದು, ಅಂಗಿಗೆ ಒರೆಸಿಕೊಂಡ. “ಅಂದ್ರ... ಕಾಕಾ, ನಾ ಸುಮ್ನ ಚಾಷ್ಟಿಗಂದೆ...”

“ನೀನು ಅಂದದ್ದು ಸರಿಯೇ ಉಂಟು ಬಿಡು.” ಮತ್ತೆ ಸೊಸೆಗೆ ಹೇಳಿದೆ, “ನಿನ್ನ ಕಾಲು ಭಾರ ಅಂತ ಜಯೇಶನಿಗೆ ಹೇಳಿದ್ದೂ ನಾನೇ. ಇವತ್ತು ನೋಡಿದೆ. ನಿನ್ನ ಕಾಲಲ್ಲಿ ತಪ್ಪಿಲ್ಲ.”

ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡು ಮಯೂರನ ಕಡೆ ತಿರುಗಿ, “ವಾಲ್ವ್ ಎಲ್ಲಿ ಸಿಗ್ತದೆ?” ಎಂದು ಕೇಳಿದಳು.

“ಹಳೇ ಮಾಡೆಲ್ ಐತಿ. ಕಲ್ಯಾಣ ಸ್ಟೇಷನ್ ಹತ್ರ ಸ್ಪೇರ್ ಅಂಗಡ್ಯಾಗ ಸಿಕ್ರ ಸಿಗಬೌದು.”

“ನಾನು ತರ್ತೇನೆ,” ಅಂದೆ.

ಕಾರನ್ನು ಅಲ್ಲೇ ಬಿಟ್ಟು, ಅವಳನ್ನು ರಿಕ್ಷಾದಲ್ಲಿ ಮನೆಗೆ ಕಳಿಸಿ, ನಾನು ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋದೆ. ಮೂರು ಅಂಗಡಿಯಲ್ಲಿ ಇಲ್ಲ ಅಂದರು. ನಾಲ್ಕನೆಯವನು ಅಟ್ಟ ಹತ್ತಿ ಧೂಳು ಹಿಡಿದ ಡಬ್ಬಿ ಇಳಿಸಿದ. ಒಳಗೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ವಸ್ತು. ಇಷ್ಟು ಸಣ್ಣದನ್ನು ನಂಬದೆ ಏಳು ವರ್ಷ ಊರಿಗೆಲ್ಲ ಹೊಗೆ ಕುಡಿಸಿದೆನಲ್ಲ ಅನಿಸಿತು.

ರಾತ್ರಿ ಊಟದ ಹೊತ್ತಿಗೆ ಜಯೇಶನಿಗೂ ಹೇಳಿದೆ. ಅವನು ತುತ್ತನ್ನು ತಟ್ಟೆಗೆ ವಾಪಸು ಇಟ್ಟ.

“ಅಪ್ಪ, ನೀವಾ?”

“ನಾನೇ. ಮೊದಲು ಅವಳಿಗೆ ಹೇಳುವುದನ್ನು ಹೇಳು.”

ಅವನಿಗೆ ಸರಿಯಾಗಿ ಹೇಳಲು ಬರಲಿಲ್ಲ. “ಸಾರಿ ಯಾರ್,” ಎಂದು ಗೊಣಗಿ, ಎಲ್ಲರ ತಟ್ಟೆ ತಾನೇ ಎತ್ತಿಕೊಂಡು ಹೋಗಿ ತೊಳೆದ. ಪುಷ್ಪಾವತಿ ಅಡುಗೆಮನೆ ಬಾಗಿಲಲ್ಲಿ ನಿಂತು, “ಸೋಪು ಸರಿ ಹಾಕು, ನಾಳೆಯಿಂದ ಇದೇ ಕೆಲಸ,” ಅಂದಳು.

ಶುಕ್ರವಾರ ಒಂದು ದಿನದ ಮಟ್ಟಿಗೆ ಅಶ್ಮಿತಾ ಪರಿಚಯದವರ ಟೆಂಪೋದಲ್ಲಿ ಹಿಟ್ಟು ಕಳಿಸಿ, ತಾನು ರೈಲಿನಲ್ಲಿ ಹೋಗಿಬಂದಳು. ನಾನು ಇಡೀ ದಿನ ಗ್ಯಾರೇಜಿನಲ್ಲಿ ಮಯೂರನ ಎದುರು ಸ್ಟೂಲಿನಲ್ಲಿ ಕೂತೆ. ವಾಲ್ವ್, ಫಿಲ್ಟರ್, ಪ್ಲಗ್ಗು, ಎಂಜಿನ್ ಆಯಿಲ್ ಎಲ್ಲ ಹೊಸದಾಯಿತು. ಬರೀ ನಲ್ಲಿ ನೀರಿದ್ದ ರೇಡಿಯೇಟರಿಗೆ ಕೂಲೆಂಟ್ ಬಿತ್ತು. ಟೈರುಗಳಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಕಡಿಮೆ ಗಾಳಿ ಇತ್ತು, ತುಂಬಿಸಿದೆವು. ಮಯೂರ್ ಕಾರಿನ ಛಾವಣಿಯ ಕಬ್ಬಿಣದ ಕ್ಯಾರಿಯರ್ ತಟ್ಟಿ, “ಇದು ಯಾಕ್ರೀ? ಸುಮ್ನ ಭಾರ,” ಅಂದ.

“ಊರಿಂದ ಹಲಸಿನಹಣ್ಣು, ಕುಚ್ಚಲಕ್ಕಿ ತರಲಿಕ್ಕೆ.”

“ವರ್ಷಕ್ಕ ಎಷ್ಟು ಸಲ?”

“ಒಂದು ಸಲ.”

ಅವನು ಸ್ಪ್ಯಾನರ್ ನನ್ನ ಕೈಗೇ ಕೊಟ್ಟ. ನಾನೇ ಬಿಚ್ಚಿದೆ.

ಶನಿವಾರ ಬೆಳಿಗ್ಗೆ ಅವಳು ಎಂಜಿನ್ ಸ್ಟಾರ್ಟ್ ಮಾಡಿ ಅಭ್ಯಾಸದಂತೆ ಕಾಯಲು ಕೂತಳು. “ಹೊರಡು, ಮೆತ್ತಗೆ ಓಡಿಸಿದರೆ ದಾರಿಯಲ್ಲೇ ಬಿಸಿಯಾಗ್ತದೆ,” ಅಂದೆ. ಎಂಐಡಿಸಿ ದಾಟುವಷ್ಟರಲ್ಲಿ ಸೂಜಿ ಮೇಲೆದ್ದು ಮಧ್ಯಕ್ಕೆ ಬಂದು ನಿಂತಿತು. ನನ್ನ ಕೈ ತಾನಾಗಿಯೇ ಬಾಗಿಲಿನ ಹಿಡಿ ಹಿಡಿಯಿತು, ಹಳೆಯ ಹೆದರಿಕೆ. ಸೂಜಿ ಅಲ್ಲಿಂದ ಮೇಲೇರಲಿಲ್ಲ. ಶಿಳಫಾಟಾದ ಸಾಲಿನಲ್ಲಿ ಅವಳು ಚಾವಿ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಸುತ್ತ ಅಷ್ಟೊಂದು ಗಾಡಿಗಳ ಗದ್ದಲದ ಮಧ್ಯೆ ನಮ್ಮದೊಂದು ಸುಮ್ಮನಿತ್ತು. ಮುಂದಿನ ಲಾರಿ ಕದಲಿದಾಗ ಮುಟ್ಟಿದ ಕೂಡಲೇ ಸ್ಟಾರ್ಟಾಯಿತು.

ಮಧ್ಯಾಹ್ನ ವಾಪಸು ಬರುವಾಗ ಎಂಜಿನ್ ಬಿಸಿಯಿರುವಾಗಲೇ ಪಿಯುಸಿಯವನ ಬಳಿ ನಿಲ್ಲಿಸಿದೆವು. ಅವನು ಸೈಲೆನ್ಸರಿನೊಳಗೆ ನಳಿಗೆ ತೂರಿಸಿ, ಕಂಪ್ಯೂಟರ್ ನೋಡಿದ. ಅಶ್ಮಿತಾ ಉಗುರು ಕಚ್ಚುತ್ತಿದ್ದಳು. ಅವನು ಇನ್ನೊಮ್ಮೆ ನೋಡಿದ, “ಮ್ಯಾಡಮ್, ಬುಧವಾರ ಬಂದದ್ದು ಇದೇ ಗಾಡಿಯಾ?” ಎಂದು ಹಿಂದಿಯಲ್ಲಿ ಕೇಳಿ, ಕಾಗದ ಪ್ರಿಂಟ್ ಮಾಡಿ ಕೊಟ್ಟ. ಪಾಸ್. ಅವಳು ಅಲ್ಲೇ ರಸ್ತೆ ಬದಿಯಲ್ಲಿ ಆ ಕಾಗದವನ್ನು ಎರಡು ಸಲ ಓದಿದಳು.

ಸೋಮವಾರವೂ ನಾನು ಜೊತೆಗೆ ಹೋದೆ. ಗೇಟಿನಲ್ಲಿ ಕಾವಲಿನವನು ಕಾಗದ ನೋಡಿ ಅಡ್ಡ ಹಾಕಿದ್ದ ಬೂಮ್ ಎತ್ತಿದ. ಅವಳು ಒಳಗೆ ಹೋಗದೆ, ಗಾಡಿಯನ್ನು ಬದಿಗೆ ಹಾಕಿ ನನ್ನ ಕಡೆ ತಿರುಗಿದಳು.

“ಮಾವ, ನೀವಿಲ್ಲಿ ಇಳೀರಿ. ಐರೋಲಿ ಸ್ಟೇಷನ್ ಹತ್ರವೇ ಉಂಟು, ಠಾಣೆ ಮೇಲೆ ಮನೆಗೆ ಹೋಗಿ. ನಾಳೆಯಿಂದ ಬರೋದು ಬೇಡ.”

ನನಗೆ ಪಿಚ್ಚೆನಿಸಿತು. “ಸಿಟ್ಟು ಇನ್ನೂ ಉಂಟಾ?”

“ಸ್ವಲ್ಪ ಉಂಟು,” ಅಂದಳು. “ಆದರೆ ಅದಕ್ಕಲ್ಲ. ಗಾಡಿಯಲ್ಲಿ ಬೇಡದ ಭಾರ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತದಂತೆ. ಮಯೂರ್ ಭಾಯ್ ಹೇಳಿದ್ದಾರೆ.”

ಹೇಳಿ ಮುಗಿಸುವ ಮೊದಲೇ ಅವಳಿಗೆ ನಗು ತಡೆಯಲಾಗಲಿಲ್ಲ. ನಾನು ಇಳಿದೆ. ಅವಳು ಮೆಲ್ಲಗೆ ಗೇರು ಹಾಕಿ, ಒಂದು ಹನಿ ಹಿಟ್ಟು ತುಳುಕದ ಹಾಗೆ ಬೂಮ್ ದಾಟಿ ಒಳಗೆ ಹೋದಳು.