ಎರಡು ಬಾಟಲಿ, ಒಂದೇ ಜ್ವರ

ಗಂಡ ಹೆಂಡತಿ ಮಾತು ಬಿಟ್ಟರೂ ಸಂಸಾರ ನಡೆಯಲೇಬೇಕಲ್ಲ, ಮಧ್ಯೆ ಓಡಾಡುವುದಕ್ಕೆ ಒಬ್ಬರು ಬೇಕಾಗುತ್ತದೆ. ಈ ಮನೆಯಲ್ಲಿ ಆ ಕೆಲಸ ಮಗಳ ಪಾಲಿಗೆ ಬಂದಿತ್ತು. ಆರು ವರ್ಷದ ಹುಡುಗಿ. ಬಾಯಿಗೆ ಬಿಡುವೇ ಇಲ್ಲದ್ದರಿಂದ ಬೀದಿಯವರೆಲ್ಲ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. "ಗ್ಯಾಸ್ ಮುಗೀತು ಅಂತ ನಿಮ್ಮಪ್ಪಂಗೆ ಹೇಳು" ಎಂದು ಅಡುಗೆಮನೆಯಿಂದ ಅಮ್ಮ ಕೂಗುವಳು. ಬಾಗಿಲ ಬಳಿಯೇ ಕೂತ ಅಪ್ಪನಿಗೆ ಅದು ಚೆನ್ನಾಗಿಯೇ ಕೇಳಿಸಿರುತ್ತಿತ್ತು. ಆದರೂ ರೇಡಿಯೋ ಓಡಿ ಬಂದು ಹೇಳುವವರೆಗೆ ಅವನು ತಲೆ ಎತ್ತುತ್ತಿರಲಿಲ್ಲ.

ಜಗಳವಾದರೂ ಎಂಥದು? ನಾದಿನಿಯ ಮನೆಯಲ್ಲಿ ಹತ್ತು ಜನರೆದುರು ಗಂಡ "ಇವಳಿಗೇನು ಗೊತ್ತು ಬಿಡಿ" ಎಂದು ನಕ್ಕಿದ್ದ. ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಟೈಲರ್. ಇಡೀ ದಿನ ಇನ್ನೊಬ್ಬರ ಅಳತೆ ತಪ್ಪದಂತೆ ಕತ್ತರಿಸುವವಳಿಗೆ ಆ ಮಾತು ಚುಚ್ಚಿತು. ಅವನೋ, ಬೇಕರಿಯಲ್ಲಿ ಒಲೆಯ ಮುಂದೆ ಬೇಯುವವನು. ಕ್ಷಮೆ ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಇಬ್ಬರೂ ಒಳ್ಳೆಯವರೇ. ಹಠ ಮಾತ್ರ ಒಬ್ಬರಿಗಿಂತ ಒಬ್ಬರಿಗೆ ಒಂದು ಹಿಡಿ ಜಾಸ್ತಿ. ನೋಡನೋಡುತ್ತ ಮನೆಯಲ್ಲಿ ಎಲ್ಲವೂ ಎರಡೆರಡಾದವು: ಸೋಪು ಎರಡು, ಟೀಪುಡಿ ಎರಡು, ಹಲ್ಲುಜ್ಜುವ ಪೇಸ್ಟೂ ಎರಡು.

ಅಷ್ಟರಲ್ಲಿ ಮಗುವಿಗೆ ಜ್ವರ ಬಂತು. ರೇಡಿಯೋ ನಿಂತುಹೋಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ನೀರು ಬೇಕು ಅಂತಲೂ ಕೇಳುತ್ತಿರಲಿಲ್ಲ.

ಟೈಲರಮ್ಮ ಔಷಧಿ ಅಂಗಡಿಯಿಂದ ಒಂದು ಬಾಟಲಿ ತಂದು ಸಾಂಬಾರ ಡಬ್ಬಿಗಳ ಹಿಂದೆ ಇಟ್ಟಳು. ಜೊತೆಗೆ ಬಂದ ಮುಚ್ಚಳದಲ್ಲಿ ಗೀಟಿನವರೆಗೆ ಅಳೆದು ಕುಡಿಸಿದಳು. ಜ್ವರ ಇಳಿಯಿತು, ಮತ್ತೆ ಏರಿತು. ಅವಳು ಅಂಗಡಿಗೆ ಹೊರಟ ಮೇಲೆ ಗಂಡ ಬೇಕರಿಯಿಂದ ಬಂದು ಮನೆಯಲ್ಲಿರುತ್ತಿದ್ದ. 'ಆ ಮನುಷ್ಯ ಕೂತಲ್ಲಿಂದ ಏಳಲ್ಲ, ಮಗುವಿನ ಬಾಯಿಗೆ ಒಂದು ಹನಿ ಔಷಧಿ ಹಾಕಲ್ಲ' ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಆ ಉರಿಯಲ್ಲಿ ಹೊರಡುವಾಗ ಗೀಟು ದಾಟಿಸಿಯೇ ಹಾಕುವಳು. ವಾಪಸು ಬಂದ ಕೂಡಲೇ, ಸಮಯವಾಯಿತೋ ಇಲ್ಲವೋ ನೋಡದೆ, ಇನ್ನೊಮ್ಮೆ ಹಾಕುವಳು.

ಮೂರನೆಯ ದಿನ ಕೈಯಲ್ಲಿ ಕೆಲಸ ಓಡದೆ ಮಧ್ಯಾಹ್ನವೇ ಮನೆಗೆ ಬಂದಳು. ಹಾಸಿಗೆಯ ಪಕ್ಕ ವಾಂತಿ. ಮಗು ಹೊಟ್ಟೆ ಹಿಡಿದುಕೊಂಡು ನರಳುತ್ತಿತ್ತು. ಗಂಡ ಪಕ್ಕದಲ್ಲಿ ಕೂತು, ಊಟದ ದೊಡ್ಡ ಚಮಚಕ್ಕೆ ಕಿತ್ತಳೆ ಚೀಟಿಯ ಬಾಟಲಿಯಿಂದ ಏನೋ ಸುರಿಯುತ್ತಿದ್ದ. ಆ ಬಾಟಲಿಯನ್ನು ಅವಳು ಈ ಮೊದಲು ನೋಡಿರಲೇ ಇಲ್ಲ.

"ಏನ್ರೀ ಅದು?"

ಎಷ್ಟೋ ದಿನಗಳ ನಂತರ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವನು ಗೋಡೆ ನೋಡುತ್ತಲೇ ಉತ್ತರ ಕೊಟ್ಟ. "ನೆಗಡಿ ಜ್ವರದ್ದು. ನೀನಂತೂ ಏನೂ ಕೊಡಲ್ಲ, ನಾನಾದ್ರೂ ಕೊಡಬೇಡ್ವಾ?"

"ನಾನು ಕೊಡಲ್ಲ ಅಂತ ಯಾರು ಹೇಳಿದ್ರು?"

ಅವಳು ಡಬ್ಬಿಗಳ ಹಿಂದಿನಿಂದ ತನ್ನ ಬಾಟಲಿ ತಂದಳು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಮೇಲೆ ದಪ್ಪಕ್ಷರದ ಹೆಸರುಗಳು ಬೇರೆ ಬೇರೆ. ಕೆಳಗೆ ಸಣ್ಣಕ್ಷರದಲ್ಲಿ ಎರಡರ ಮೇಲೂ ಪ್ಯಾರಾಸಿಟಮಾಲ್ ಎಂದೇ ಇತ್ತು. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಅವನಿಗೆ ತೋರಿಸಿದಳು. ಚಮಚ ಅವನ ಕೈಯಿಂದ ಜಾರಿತು. ಮಗುವನ್ನೂ ಬಾಟಲಿಗಳನ್ನೂ ಎತ್ತಿಕೊಂಡು ಇಬ್ಬರೂ ಬಾಗಿಲು ಹಾಕುವುದನ್ನೂ ಮರೆತು ಓಡಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಹೊಟ್ಟೆ ಒತ್ತಿ ನೋಡಿ, ಎರಡು ಬಾಟಲಿಗಳನ್ನೂ ಓದಿ, ತಲೆ ಎತ್ತಿದರು.

"ಹೆಸರು ಬೇರೆ, ಒಳಗಿರೋ ಔಷಧಿ ಒಂದೇ. ಅಳತೆಯಲ್ಲಿ ಕೊಟ್ರೆ ಒಳ್ಳೇದೇ. ಮೀರಿದ್ರೆ ಲಿವರ್ ಕೆಡಿಸುತ್ತೆ. ಎಷ್ಟೆಷ್ಟು ಕೊಟ್ರಿ?"

"ದಿನಕ್ಕೆ ಮೂರು ಸಲ, ಗೀಟಿನವರೆಗೆ" ಎಂದಳು ಟೈಲರಮ್ಮ. ಸುಳ್ಳು.

"ನಾನು ಒಂದೆರಡು ಸಲ ಅಷ್ಟೇ, ಸಣ್ಣ ಚಮಚದಲ್ಲಿ" ಎಂದ ಗಂಡ. ಅದೂ ಸುಳ್ಳು. ಅವನ ಬಾಟಲಿ ತಳ ಕಂಡಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಿ, ನಾನು ಪೊಲೀಸಲ್ಲ. ರಕ್ತದ ರಿಪೋರ್ಟ್ ಬರೋದು ತಡ ಆಗುತ್ತೆ. ನೀವು ಹೇಳಿದಷ್ಟೇ ಆಗಿದ್ರೆ ನಾನು ಕಾದು ನೋಡ್ಬಹುದು. ಅದಕ್ಕಿಂತ ಜಾಸ್ತಿ ಹೋಗಿದ್ರೆ ಈಗಲೇ ಡ್ರಿಪ್ ಹಾಕ್ಬೇಕು, ಕಾಯೋ ಹಾಗಿಲ್ಲ. ನಿಜ ಹೇಳಿ."

ಟೈಲರಮ್ಮ ಗಂಡನ ಕಡೆ ನೋಡಿದಳು. ಈ ಮನುಷ್ಯನ ಎದುರು ತನ್ನ ತಪ್ಪನ್ನು ಬಾಯಿಬಿಟ್ಟು ಹೇಳುವುದೆಂದರೆ ಜೀವ ಹೋದಂತೆ. 'ಇವಳಿಗೇನು ಗೊತ್ತು' ಎಂಬ ಮಾತನ್ನು ತಾನೇ ನಿಜ ಮಾಡಿಕೊಟ್ಟಂತೆ. ಪಕ್ಕದ ಮಂಚದಲ್ಲಿ ಮಗು ಒಣ ತುಟಿ ನೆಕ್ಕಿಕೊಂಡಿತು. ಹಾಳಾಗಿ ಹೋಗಲಿ ಮಾನ, ಎಂದುಕೊಂಡಳು.

"ಗೀಟು ದಾಟಿಸಿ ಹಾಕಿದೀನಿ ಡಾಕ್ಟ್ರೇ. ದಿನಕ್ಕೆ ಐದಾರು ಸಲ ಆಗಿರಬೇಕು. ಇವರು ಕೊಡ್ತಿರೋದು ನಂಗೆ ಗೊತ್ತಿರಲಿಲ್ಲ. ಮಾತಾಡ್ತಿರ್ಲಿಲ್ಲ ನಾವು." ಆಮೇಲೆ ಗಂಡನ ಕಡೆ ತಿರುಗಿ ಕೈ ಮುಗಿದಳು. "ನೀವೂ ಹೇಳ್ರೀ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಊಟದ ಚಮಚದಲ್ಲಿ. ಎರಡೆರಡು. ಮೈ ಬೆಚ್ಚಗಾದಾಗೆಲ್ಲ."

ಡಾಕ್ಟರಮ್ಮ ಆಗಲೇ ಎದ್ದು ನರ್ಸನ್ನು ಕರೆದಿದ್ದರು. ಸೂಜಿ ಚುಚ್ಚುವಾಗ ಮಗು ಅಳಲೂ ಇಲ್ಲ. ಅದನ್ನು ಕಂಡು ಟೈಲರಮ್ಮನ ಎದೆ ಒಡೆದುಹೋಯಿತು.

ಸಂಜೆ ಬಂದ ರಿಪೋರ್ಟ್ ಚೆನ್ನಾಗಿರಲಿಲ್ಲ. "ಲಿವರಿಗೆ ಪೆಟ್ಟು ಬಿದ್ದಿದೆ. ಡ್ರಿಪ್ಪಲ್ಲಿ ಲಿವರ್ ಉಳಿಸೋ ಔಷಧಿ ಹೋಗ್ತಾ ಇದೆ. ಲಿವರಿನ ಅಂಕಿ ಇನ್ನೂ ಏರುತ್ತೋ, ನಿಲ್ಲುತ್ತೋ, ನಾಳೆ ನೋಡ್ಬೇಕು" ಎಂದರು ಡಾಕ್ಟರಮ್ಮ. ಗಂಡ ಹೆಂಡತಿ ಒಂದೇ ಬೆಂಚಿನ ಮೇಲೆ ಕೂತರು. ಯಾರು ಹೆಚ್ಚು ಕೊಟ್ಟರು ಎಂದು ಜಗಳವಾಡಿ ಗೆಲ್ಲುವ ಆಸೆ ಈಗ ಯಾರಿಗೂ ಇರಲಿಲ್ಲ. ಮಗು ಉಳಿದರೆ ಸಾಕಿತ್ತು.

ಮರುದಿನ ಬಿಸಿಲು ವಾರ್ಡಿನೊಳಗೆ ಬರುವ ಹೊತ್ತಿಗೆ ಡಾಕ್ಟರಮ್ಮ ಹೊಸ ರಿಪೋರ್ಟ್ ಹಿಡಿದು ಬಂದರು. "ಏರೋದು ನಿಂತಿದೆ. ಇನ್ನು ಇಳಿಯುತ್ತೆ. ನೀವು ನಿನ್ನೆ ನಿಜ ಹೇಳಿದ್ದು ಒಳ್ಳೇದಾಯ್ತು." ಟೈಲರಮ್ಮ ಬಗ್ಗಿ ಮಗುವಿನ ಹಣೆ ಸವರಿದಳು.

ಮಗು ಕಣ್ಣು ಬಿಟ್ಟಿತು. ಅಪ್ಪ ಅಮ್ಮ ಇಬ್ಬರೂ ಒಂದೇ ಕಡೆ ಇರುವುದನ್ನು ಕಂಡು ಹೆದರಿದಂತೆ ಪಿಳಿಪಿಳಿ ನೋಡಿತು.

"ಅಮ್ಮ, ನಾನು ಹೇಳಿಲ್ಲ."

"ಏನು ಕಂದ?"

"ನೀನು ಔಷಧಿ ಕೊಟ್ಟಿದ್ದು ಅಪ್ಪಂಗೆ ಹೇಳಿಲ್ಲ. ಅಪ್ಪ ಕೊಟ್ಟಿದ್ದು ನಿಂಗೆ ಹೇಳಿಲ್ಲ."

"ಯಾಕಮ್ಮ ಹೇಳಿಲ್ಲ?"

"ಹೇಳಿದ್ರೆ ಮತ್ತೆ ಜಗಳ ಆಡ್ತೀರಲ್ಲ. ಹೊಟ್ಟೆ ತೊಳಸ್ತಿತ್ತು. ಆದ್ರೂ ಎರಡೂ ಕುಡಿದೆ."

ಗಂಡ ಎದ್ದು ಹೊರಗೆ ಹೋದ. ಅವನು ಅಳುವುದು ಬಾಗಿಲ ಈಚೆಗೂ ಕೇಳಿಸುತ್ತಿತ್ತು.